ನೋಟಿಸು ಹಲಗಿ ಹಿಂದಿನ ಒಂಬತ್ತು ಗಂಟು

ಹಣಮಂತಮ್ಮನ ಬಗ್ಗೆ ಬರೀಬೇಕಂದರ ಮೊದಲು ಅಕಿ ಬೆರಳಿನ ಬಗ್ಗೆ ಬರೀಬೇಕು. ಬಲಗೈ ಹೆಬ್ಬೆಟ್ಟು, ತೋರಬೆರಳು ಎರಡೂ ಹೊಳಿಯೊಳಗಿನ ಕಲ್ಲಿನಂಗ ನುಣ್ಣಗ ಸವೆದಾವ. ಕಕ್ಕೇರಾದ ಆಚಿ ಕೃಷ್ಣಾ ಹೊಳಿ ದಂಡಿಗೆ ಹುಟ್ಟಿದಾಕಿ. ಅಪ್ಪ ಮೀನ ಹಿಡಿಯಾಂವ. ಆರು ವರ್ಷದಾಕಿ ಇದ್ದಾಗಿಂದ ಬಲಿ ಹೆಣದು ಹೆಣದು ಬೆರಳು ಹಂಗಾದವು. ಸಾಲಿ ಅಂಗಳ ತುಳಿದಾಕಿ ಅಲ್ಲ. ಅಂಥಾಕಿ ಹನ್ನೊಂದು ವರ್ಷ ಯುನಿವರ್ಸಿಟಿಯೊಳಗ ನೋಟಿಸು ಹಚ್ಚೋ ಕೆಲಸ ಮಾಡಿದಳು. ಅಕಿಗೆ ಓದಾಕ ಬರಂಗಿಲ್ಲ ಅನ್ನೋದು ನನ್ನೊಬ್ಬಾಕಿಗೆ ಬಿಟ್ಟರ ಯಾರಿಗೂ ಗೊತ್ತಿರಲಿಲ್ಲ.

ನಾ ಗೊಲ್ಲಾಳಮ್ಮ. ಶಹಾಪುರದಿಂದ ಸುರಪುರಕ್ಕ ಹೋಗೋ ರಸ್ತಾಕ್ಕ ಒಂದು ಸ್ನಾತಕೋತ್ತರ ಕೇಂದ್ರ ಅದ. ನಾವು ಅದಕ್ಕ ಯುನಿವರ್ಸಿಟಿ ಅಂತೀವಿ. ಅದರ ಗೇಟಿನ ಬಾಜೂಕ, ಬೇವಿನ ಗಿಡದ ಕೆಳಗ ನನ್ನ ಚಹಾದಂಗಡಿ. ನಮ್ಮ ಯಜಮಾನ್ರು ಅಯ್ಯಣ್ಣ ಹೋಗಿ ಇಪ್ಪತ್ತೆರಡು ವರ್ಷ ಆಯಿತು. ಅವರು ಹೋದ ಮ್ಯಾಲ ಈ ಒಲಿ ಹಚ್ಚಿದಾಕಿ, ಇನ್ನೂ ಆರಿಸಿಲ್ಲ. ನಾ ಕಲ್ತದ್ದು ಮೂರನೇತ್ತ. ಜ್ವಾಳದ ಕಣಕಿ ಹೇರಿದ ಬಂಡಿ ಏರು ಹತ್ತಿದಂಗ ಒಂದೊಂದು ಅಕ್ಷರ ಜಗ್ಗಿ ಜಗ್ಗಿ ಓದತೇನಿ. ಆದರ ಓದಿದ್ದು ಮರೆಯಂಗಿಲ್ಲ.

ಹಣಮಂತಮ್ಮನ ಗಂಡ ರಾಮಲಿಂಗ ಆ ಕೇಂದ್ರದಾಗ ವಾಚಮನ್ ಇದ್ದ. ಹುಲ್ಲು ಕೊಯ್ಯೋವಾಗ ಹಾವು ಮುಟ್ಟಿ ಸತ್ತ. ಹೆಂಡತಿಗೆ ಕೆಲಸ ಕೊಡತೀವಿ ಅಂದರು. ಆದರ ಏಳನೇತ್ತ ಪಾಸಾಗಿರಬೇಕಂತ. ಆಗಿದ್ದ ಗುಮಾಸ್ತ ಹಳೇ ಮನಿಷ್ಯಾ, ಅಂತಃಕರಣದಾಂವ. "ಬರ್ಕೊತೇನಿ ಬಿಡವ್ವ, ಯಾರು ಬಂದು ನಿನ್ನ ಪರೀಕ್ಷಾ ತಗೊಳ್ತಾರ?" ಅಂತ ಫಾರಂದಾಗ 'ಏಳನೇ ತರಗತಿ ಉತ್ತೀರ್ಣ' ಅಂತ ಬರದ. ಕೆಳಗ ಸಹಿ. ಆ ಸಹಿ ನಾನ ಕಲಿಸಿದ್ದೆ, ಎಂಟು ದಿನ, ನನ್ನ ಅಂಗಡಿ ಮುಂದಿನ ಮಣ್ಣಾಗ ಕಡ್ಡಿಲೆ ಗೀಚಿಸಿ. ಹೆಸರು ಗೀಚೋ ಹೊತ್ತಿಗೆ ಅಕಿ ಹಣಿ ಮ್ಯಾಲ ಬೆವರು ಬಂದಿತ್ತು. "ಅಕ್ಕಾ, ಇದು ಸುಳ್ಳಲ್ಲೇನು?" ಅಂದಳು. "ಹೊಟ್ಟಿ ಮುಂದ ಸುಳ್ಳೇನು ಖರೆ ಏನು, ಬರಿ" ಅಂದೆ.

ಅವತ್ತು ಹತ್ತಿದ ಅಂಜಿಕಿ ಅಕಿಗೆ ಬಿಡಲಿಲ್ಲ. ಯಾರರ ಸಾಹೇಬರು ಕೈಯಾಗ ಕಾಗದ ಹಿಡದು ಎದುರು ಬಂದರ ಸಾಕು, ಕಸಬರಿಗಿ ಹಿಡದು ಬಗ್ಗಿಬಿಡತಿದ್ದಳು. ಯಾರೋ "ಇದರಾಗ ಏನದ ನೋಡಮ್ಮ" ಅಂದರ "ಕಣ್ಣಾಗ ಪೊರಿ ಬಂದಾವ್ರಿ, ಕಾಣಂಗಿಲ್ಲ" ಅನ್ನಾಕಿ. ನಲವತ್ತರ ವಯಸ್ಸಿಗೇ ಕಣ್ಣಾಗ ಪೊರಿ ತರಿಸಿಕೊಂಡಳು ಅಕಿ, ಬಾಯಿಲೆ.

ದಿನಾ ಮುಂಜಾನಿ ಒಂಬತ್ತಕ್ಕ ಆಫೀಸಿನಿಂದ ಕಾಗದ ತಗೊಂಡು ಚಹಾ ಕುಡಿಯೋ ನೆವದಾಗ ನನ್ನ ಕಡಿ ಬರತಿದ್ದಳು. ಗೇಟಿಗೆ ಬೆನ್ನು ಮಾಡಿ ಕೂಡಾಕಿ. ನಾ ಒಲಿ ಊದಿದಂಗ ಮಾಡಿ ಸಣ್ಣ ದನಿಲೆ ಓದತಿದ್ದೆ. ವಿಶೇಷ ಉಪನ್ಯಾಸ, ಹಂತಿ ಪದಗಳ ಪ್ರದರ್ಶನ, ದೊಡ್ಡಾಟದ ತಾಲೀಮು, ಶಾಸನಗಳ ಬಗ್ಗೆ ಮಾತು, ಯಾವ ಕೋಣಿ, ಎಷ್ಟು ಗಂಟೆ, ಯಾರು ಅಧ್ಯಕ್ಷರು. ಎರಡು ಸಲ ಓದಿದರ ಮುಗೀತು, ಅಕಿಗೆ ಬಾಯಿಪಾಠ. ಆಮ್ಯಾಲ ಹುಡುಗರು ಹಲಗಿ ಮುಂದ ನಿಂತು ಓದೋ ತ್ರಾಸು ಸುದ್ದಾ ತಗೋತಿರಲಿಲ್ಲ.

"ಹಣಮಂತಮ್ಮಾ, ಇವತ್ತೇನೈತಿ?"

"ಮೂರು ಗಂಟೆಕ್ಕ ಮ್ಯಾಲಿನ ಹಾಲಿನ್ಯಾಗ ಭಾಷಣ ಐತ್ರಿ. ಕುರ್ಚಿ ನೂರು ಬಂದಾವ, ಜನ ಬರೋದು ನಿಮ್ಮ ಕೈಯಾಗೈತಿ."

ಹುಡುಗರು ನಗತಿದ್ದರು. ಅಕಿನೂ ನಗತಿದ್ದಳು. ಒಳಗಿನ ಅಂಜಿಕಿ ನನಗ ಗೊತ್ತಿತ್ತು.

ಬಾಯಿಪಾಠ ಆತು. ಆದರ ದಿನ? ಅಕಿಗೆ ತಿಥಿ ಗೊತ್ತು, ವಾರ ಗೊತ್ತು, ಸಂತಿ ಗೊತ್ತು. ಇಂಗ್ಲಿಷ್ ತಾರೀಖು ಮಾತ್ರ ಗೊತ್ತಿಲ್ಲ. ನೋಟಿಸಿನ್ಯಾಗ ಬರೇ ತಾರೀಖು ಇರತಿತ್ತು. ಅದಕ್ಕ ಅಕಿ ತಮ್ಮ ಹೊಳಿಮಂದಿ ಲೆಕ್ಕ ತಂದಳು. ಬಲಿ ದಾರದ ತುಂಡು. ನಾ ಅಂಗಡಿಯೊಳಗಿನ ಕ್ಯಾಲೆಂಡರ್ ನೋಡಿ "ಇನ್ನ ಏಳು ದಿನ" ಅಂದರ ಅಕಿ ದಾರಕ್ಕ ಏಳು ಗಂಟು ಹಾಕಿ, ನೋಟಿಸಿನ ಹಿಂದ ಅದೇ ಗುಂಡುಸೂಜಿಗೆ ಕಟ್ಟಾಕಿ. ದಿನಾ ಮುಂಜಾನಿ ಒಂದೊಂದು ಬಿಚ್ಚಾಕಿ. ಗಂಟು ಉಳಿಯದ ದಿನ ಕಾರ್ಯಕ್ರಮ. ಮರುದಿನ ಕಾಗದ ತೆಗೆಯೋದು. ಒಂದೊಂದು ಸಲ ಹಲಗಿ ಮ್ಯಾಲ ಹತ್ತು ಕಾಗದ, ಹಿಂದ ಹತ್ತು ದಾರ. ಹನ್ನೊಂದು ವರ್ಷದಾಗ ಒಂದು ದಿನ ತಪ್ಪಲಿಲ್ಲ.

ತಪ್ಪಿದ್ದು ಹೋದ ಎಳ್ಳ ಅಮಾಸಿಗೆ. ತಪ್ಪು ನಂದು. ಅದನ್ನ ಬರೀಬೇಕಂತಲೇ ಕೂತೇನಿ.

ಆ ಅಮಾಸಿ ಶುಕ್ರವಾರ ಬಂದಿತ್ತು. ಅದಕ್ಕೂ ಮೊದಲು ಸೋಮವಾರ ಒಂದು ಬಿಳಿ ಕಾಗದ ಬಂತು, ಮ್ಯಾಲ ದುಂಡನ್ನ ಮುದ್ರಿ. ನಾ ಓದಿದೆ. "ಸೂಚನೆ. ಮೈಸೂರಿನಲ್ಲಿ ನಡೆಯುವ ಹದಿನೈದು ದಿನಗಳ ಚಿತ್ರಕಲಾ ಶಿಬಿರಕ್ಕೆ ಒಬ್ಬ ವಿದ್ಯಾರ್ಥಿಯನ್ನು ಆಯ್ಕೆ ಮಾಡಲಾಗುವುದು. ಆಸಕ್ತರು ತಮ್ಮ ಒಂದು ಚಿತ್ರದೊಂದಿಗೆ ದಿನಾಂಕ ಇಪ್ಪತ್ನಾಲ್ಕರಂದು ಮಧ್ಯಾಹ್ನ ಎರಡು ಗಂಟೆಗೆ ಮೇಲಿನ ಸಭಾಂಗಣದಲ್ಲಿ ಹಾಜರಿರತಕ್ಕದ್ದು." ಕ್ಯಾಲೆಂಡರ್ ನೋಡಿ ಒಂಬತ್ತು ದಿನ ಅಂದೆ. ಅಕಿ ಒಂಬತ್ತು ಗಂಟು ಹಾಕಿದಳು. ಪರೀಕ್ಷಾ ಮುಗಿದು ಹಲಗಿ ಖಾಲಿ ಇತ್ತು. ದಾರ ಅಂತ ಇದ್ದದ್ದು ಅದೊಂದೇ.

ಗುರುವಾರ ಸಂಜಿಗೆ ಹಣಮಂತಮ್ಮ ಅಮಾಸಿಗಂತ ತೌರುಮನಿಗೆ ಹೋದಳು. ಶುಕ್ರವಾರ ನಾನೂ ಮೈದುನನ ಹೊಲಕ್ಕ, ಭೂಮಿತಾಯಿಗೆ ಎಡಿ ಮಾಡಿ ಚರಗ ಚೆಲ್ಲಾಕ ಹೋಗೋದಿತ್ತು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಬುಟ್ಟಿಗೆ ಕಟ್ಟಿ, ಒಂದು ತಾಸು ಅಂಗಡಿ ತೆರೆದಿದ್ದೆ. ಕೊಡ ತಗೊಂಡು ಒಳಗಿನ ನಳಕ್ಕ ಹೋದೆ. ಹಾದ್ಯಾಗ ಹಲಗಿ. ಪಡಸಾಲ್ಯಾಗ ಒಂದು ನರಪಿಳ್ಳಿ ಇಲ್ಲ. ಪಾಪ, ಅಕಿ ಊರಿಗೆ ಹೋಗ್ಯಾಳ, ಇವತ್ತಿನ ಗಂಟು ಉಳಿದುಬಿಡತದ ಅನಿಸಿತು. ಕಾಗದ ಎತ್ತಿ, ಉಗುರಿಲೆ ಒಂದು ಗಂಟು ಬಿಚ್ಚಿದೆ. ಉಪಕಾರ ಮಾಡಿದೆ ಅಂದ್ಕೊಂಡೆ. ಎಂಥಾ ಹಗುರ ಕೆಲಸ, ಎರಡು ಉಗುರಿನದು. ಹೊಲದಾಗ ಉಂಡು, ನಕ್ಕು, ಮರತೇಬಿಟ್ಟೆ. ಶನಿವಾರ ನನಗ ಥಂಡಿ ಜ್ವರ, ಅಂಗಡಿ ತೆರೆಯಲಿಲ್ಲ. ಸೋಮವಾರ ಅಕಿ ಬಂದಾಗ ತೌರುಮನಿ ಸುದ್ದಿ ಆಡಿದಿವಿ. ಗಂಟಿನ ಮಾತು ಬರಲಿಲ್ಲ.

ಬುಧವಾರ ಹನ್ನೊಂದರ ಸುಮಾರಿಗೆ ಸುರಪುರ ಬಸ್ಸಿನಿಂದ ಒಂದು ಹುಡುಗಿ ಇಳಿದಳು. ಕೈಯಾಗ ಹಳೇ ಚಾದರದಾಗ ಸುತ್ತಿದ್ದು ಏನೋ ಇತ್ತು. ಕೂಸಿನಂಗ ಎದಿಗವುಚಿ ಹಿಡಿದಿದ್ದಳು. ಮುಖದಾಗ ಬೆಳಕು ಇತ್ತು. ಒಳಗ ಹೋದಾಕಿ ಹತ್ತು ನಿಮಿಷದಾಗ ತಿರುಗಿ ಬಂದಳು. ಬೆಳಕು ಇರಲಿಲ್ಲ. ಬೇವಿನ ಗಿಡದ ಬೊಡ್ಡಿಗೆ ಕೂತು ಅಳಾಕ ಹತ್ತಿದಳು.

ನೀರು ಕೊಟ್ಟು ಕೇಳಿದೆ. ಹೆಸರು ಉಮೆಸಲ್ಮಾ. ಮೊದಲನೇ ವರ್ಷದಾಕಿ. ಅಪ್ಪ ಅಂಗಡಿ ಬೋರ್ಡು ಬರೆಯಾಂವ, ಮಾಳಿಗಿ ಏಣಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡು ಮಲಗ್ಯಾನ. ನೋಟಿಸ ನೋಡಿ ಹೋದಾಗಿಂದ ಹಗಲು ಅಪ್ಪನ ಸೇವಾ ಮಾಡಿ, ರಾತ್ರಿಯೆಲ್ಲಾ ಕೂತು ಚಿತ್ರ ಬರದಾಳ.

"ಇವತ್ತು ಆಯ್ಕಿ ಅಂತ ತಿಳಿದು ಬಂದಿದ್ದೆ ಅಜ್ಜಿ. ನೋಟಿಸ ಇಲ್ಲ. ಆ ಅಮ್ಮನ್ನ ಕೇಳಿದೆ. ನಿನ್ನೆ ಮುಗೀತವ್ವ ಅಂದರು. ನಾನ ಸರಿಯಾಗಿ ನೋಡ್ಕೊಂಡಿಲ್ಲ ಕಾಣತದ."

ಚಾದರ ಸರಿಸಿ ತೋರಿಸಿದಳು. ನಮ್ಮ ಸುರಪುರದ ಹಳೇ ಪದ್ಧತಿ ಚಿತ್ರ, ಕೂದಲೆಳಿಯಂಥಾ ಗೆರಿ, ಬಂಗಾರ ಬಣ್ಣದ ಅಂಚು. ನಡುವ ಒಬ್ಬ ಮುದುಕಿ ಮೊರದಾಗ ಜ್ವಾಳ ಹಸನ ಮಾಡಾಕತ್ತಾಳ. ಮೊರದಾಗಿನ ಒಂದೊಂದು ಕಾಳೂ ಬ್ಯಾರೆ ಬ್ಯಾರೆ ಕಾಣತಿತ್ತು. "ನಮ್ಮ ದಾದಿಮಾ, ಅಪ್ಪನ ತಾಯಿ" ಅಂದಳು.

ನನ್ನ ತಲಿ ಮ್ಯಾಲೇ ಕ್ಯಾಲೆಂಡರ್ ನೇತಾಡತಿತ್ತು. ನಾ ತಲಿ ಎತ್ತಿ ನೋಡಲಿಲ್ಲ. ಹಣಮಂತಮ್ಮ ಹೇಳ್ಯಾಳಂದ ಮ್ಯಾಲ ನೋಡೋದೇನು ಅಂತ ಸುಮ್ಮನಾದೆ. ಹುಡುಗಿ ಹನ್ನೆರಡರ ಬಸ್ಸಿಗೆ ತಿರುಗಿ ಹೋದಳು.

ಮೂರು ಗಂಟೆಕ್ಕ ಹಣಮಂತಮ್ಮ ಓಡಿ ಬಂದಳು. ಚಪ್ಪಲಿ ಇರಲಿಲ್ಲ.

"ಗೊಲ್ಲಾಳಕ್ಕಾ, ಆಯ್ಕಿ ಇವತ್ತಂತ! ಈಗ ಮುಗೀತಂತ. ಒಬ್ಬಾವನೇ ಬಂದಿದ್ನಂತ, ಆಫೀಸಿನ ಈಗಿನ ಗುಮಾಸ್ತನ ಅಳಿಯ ಸಂಗಮನಾಥ. ಅವನನ್ನೇ ಆರಿಸ್ಯಾರ. ನಾ ಆ ಹುಡುಗಿಗೆ ಏನ ಹೇಳಿದ್ನೆ ಅಕ್ಕಾ!"

ಆಗ ಕ್ಯಾಲೆಂಡರ್ ನೋಡಿದೆ. ಇಪ್ಪತ್ನಾಲ್ಕು ಇವತ್ತೇ ಇತ್ತು.

ಮರುದಿನ ಕ್ರಿಸ್ಮಸ್ ಸೂಟಿ. ಶುಕ್ರವಾರ ಬೆಳಿಗ್ಗೆ ಅಕಿ ಬಂದಾಗ ಕೈಯಾಗ ಹಲಗಿಗೆ ಹಚ್ಚೋ ಕಾಗದ ಇರಲಿಲ್ಲ. ಮಡಚಿದ ಒಂದೇ ಹಾಳಿ. "ಹೊಸ ಸಾಹೇಬರು ನನ್ನ ಕೈಯಾಗ ಕೊಟ್ಟು ಸಹಿ ಹಾಕಿಸ್ಕೊಂಡಾರ. ಓದು" ಅಂದಳು. ಹೊಸ ಸಾಹೇಬರು ಅಂದರ ಅಧೀಕ್ಷಕ ಪ್ರವೀಣಕುಮಾರ. ಬಂದು ಎರಡು ತಿಂಗಳಾಗಿತ್ತು. ಕೆಟ್ಟವರಲ್ಲ. ಆದರ ಕಾಗದ ಬಿಟ್ಟರ ಬ್ಯಾರೆ ಏನೂ ನಂಬದ ಮನಿಷ್ಯಾ.

ಓದಿದೆ. ಆಯ್ಕಿ ಬುಧವಾರಾನೇ ಆತಂತ ತಿಳಿದು ಉಮೆಸಲ್ಮಾ ಅವತ್ತು ಸಂಜಿಗೇ ಅರ್ಜಿ ಕೊಟ್ಟಾಳ. ಸೂಚನಾಫಲಕದ ಹೊಣೆ ಇರುವ ಹಣಮಂತಮ್ಮ ಅವರು ಒಬ್ಬ ಅಭ್ಯರ್ಥಿಗೆ ಅನುಕೂಲ ಆಗುವಂತೆ ಉದ್ದೇಶಪೂರ್ವಕವಾಗಿ ಸೂಚನೆಯನ್ನು ತೆಗೆದು, ವಿದ್ಯಾರ್ಥಿನಿಗೆ ಸುಳ್ಳು ಹೇಳಿದ್ದಾರೆಯೇ ಎಂಬ ಬಗ್ಗೆ ಸೋಮವಾರ ಹನ್ನೊಂದು ಗಂಟೆಗೆ ವಿಚಾರಣೆ. ಸೇವಾ ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು.

"ಉದ್ದೇಶಪೂರ್ವಕ ಅಂದರ?"

"ಬೇಕಂತಲೇ ಮಾಡಿದ್ದು."

"ನಾ? ಬೇಕಂತ? ಆ ಸಂಗಮನಾಥನ ಮುಖ ಸುದ್ದಾ ನಾ ನೋಡಿಲ್ಲಕ್ಕಾ." ಆಮ್ಯಾಲ ದನಿ ಇಳಿಸಿ ಕೇಳಿದಳು, "ದಾಖಲಿ ಅಂದರ ಆ ಫಾರಮ್ಮು?"

ನಾ ಹೂಂ ಅಂದೆ. ಅಕಿ ಚಹಾದ ಕಪ್ಪು ಕೆಳಗಿಟ್ಟಳು.

"ಏಳನೇತ್ತ ಅಂತ ಬರದು ಸರಕಾರಕ್ಕ ಮೋಸ ಮಾಡೀ ಅಂತಾರ. ಠಾಣೆಕ್ಕ ಒಯ್ತಾರ. ಹನ್ನೊಂದು ವರ್ಷದ ಸುಳ್ಳು ಅದು, ಹನ್ನೊಂದು ವರ್ಷ ಬೆಳದೈತಿ." ಬೆರಳು ಮಡಚಿ ಎಣಿಸಾಕ ಹತ್ತಿದಳು. "ತಪ್ಪು ಹೆಂಗಾತು ಅಂತ ತಿಳಿವಲ್ದು. ಸೋಮವಾರ ಒಂಬತ್ತು ಹಾಕಿದೆ. ಮಂಗಳವಾರ, ಬುಧವಾರ, ಬೇಸ್ತವಾರ ಒಂದೊಂದು ಬಿಚ್ಚಿದೆ. ಅಮಾಸಿ ದಿನ ಬಿಡೋದು. ಮರುದಿನ ಬಂದು ಎರಡು ಬಿಚ್ಚಿದೆ. ಐತವಾರದ್ದು ಸೋಮವಾರ ಕೂಡಿಸಿ ಎರಡು ಬಿಚ್ಚಿದೆ..."

ನನ್ನ ಕೈಯಾಗಿನ ಸೌಟು ನಿಂತಿತು.

"ಅಮಾಸಿ ದಿನ ಯಾಕ ಬಿಡೋದು?" ಅಂದೆ. ನನ್ನ ದನಿ ನನಗ ಬ್ಯಾರೆ ಯಾರದೋ ಕೇಳಿದಂಗಾತು.

"ನಮ್ಮಲ್ಲಿ ಅಮಾಸಿ ದಿನ ಬಲಿ ದಾರ ಮುಟ್ಟಂಗಿಲ್ಲ. ಅವತ್ತು ಗಂಟು ಬಿಚ್ಚಿದರ ಹೊಳಿ ಬಾಯಿ ಬಿಚ್ಚತೈತಿ ಅಂತಾರ. ನಮ್ಮಪ್ಪ ಕೇಳಲಿಲ್ಲ. ಎಳ್ಳ ಅಮಾಸಿ ದಿನಾನೇ ಹರಕ ಬಲಿ ಬಿಚ್ಚಿ ರಿಪೇರಿ ಮಾಡಿಕೊಂಡು ಹೋದ. ಹರಗೋಲು ತಿರುಗಿ ಬಂತು. ಅಪ್ಪ ಬರಲಿಲ್ಲ. ನನಗ ಆಗ ಒಂಬತ್ತು ವರ್ಷ."

ಅಕಿ ಹೇಳತಿದ್ದಂಗ ನನಗ ಆ ಪಡಸಾಲಿ ಕಂಡಿತು, ಆ ಕಾಗದ, ನನ್ನ ಎರಡು ಉಗುರು. ಒಂದೇ ದಿನದ ಲೆಕ್ಕಕ್ಕ ನಂದೊಂದು, ಅಕಿದೊಂದು, ಎರಡು ಗಂಟು ಹೋಗಿದ್ದವು. ನಮ್ಮ ಮನ್ಯಾಗ ಬಲಿ ಇಲ್ಲ, ಹೊಳಿ ಇಲ್ಲ. ಈ ಪದ್ಧತಿ ನನಗ ಹೆಂಗ ಗೊತ್ತಿರಬೇಕು? ಹನ್ನೊಂದು ವರ್ಷ ಅಕಿಗೆ ನಾ ಅಕ್ಷರ ಓದಿ ಹೇಳಿದೆ. ಅಕಿ ದಾರ ಓದೋ ರೀತಿ ನಾ ಒಂದು ದಿನ ಕೇಳಿರಲಿಲ್ಲ.

ಆಗ ಹೇಳಬೇಕಿತ್ತು. ನಾಲಿಗಿ ತುದಿ ತನಕ ಬಂತು. ಆದರ ಹೇಳಿದರ ಅಕಿಗೆ ಎರಡು ಸಾವು. ಅಮಾಸಿ ಗಂಟು ಬಿಚ್ಯಾರ ಅಂತ ಒಂದು. ನಾನು ಬಿಚ್ಚೇನಿ ಅಂತ ಇನ್ನೊಂದು. ಸಾಹೇಬರ ಮುಂದ ಹೇಳಬೇಕಂದರ ಗಂಟು ಯಾಕ ಅಂತ ಹೇಳಬೇಕು. ಗಂಟು ಯಾಕ ಅಂದರ ಓದಾಕ ಬರಂಗಿಲ್ಲ ಅಂತ ಹೇಳಬೇಕು. ಸುಮ್ಮನಿದ್ದರ ಬೇಕಂತ ಮಾಡ್ಯಾಳ ಅಂತ ಕೆಲಸ ಹೋಗತದ, ಖರೆ ಹೇಳಿದರ ಸುಳ್ಳು ಬರಸ್ಯಾಳ ಅಂತ ಹೋಗತದ. ಎರಡೂ ಕಡಿ ಬಾವಿ. ಮತ್ತ ಇದನ್ನೂ ಬರೀತೇನಿ: ನನಗ ನನ್ನ ಚಹಾದಂಗಡಿ ಅಂಜಿಕಿನೂ ಇತ್ತು. ಗೇಟಿನ ಬಾಜೂಕ ಕೂಡಾಕ ಬಿಟ್ಟವರು ಆ ಆಫೀಸಿನವರೇ.

ಅದಕ್ಕ ಹೇಳೋ ಬದಲಿ ಒಂದು ಹಂಚಿಕಿ ಹಾಕಿದೆ. "ಸಾಹೇಬರು ಆ ನೋಟಿಸ ಓದು ಅಂತಾರ. ನಿನಗ ಬಾಯಿಪಾಠ ಅದ. ಕಣ್ಣು ಗೆರಿ ಮ್ಯಾಲ ಆಡಿಸಿಕೋತ ಹೇಳಿಬಿಡು. ನಡುನಡುವ ನಿಂದ್ರು, ತಡವರಸು. ಓದೋರು ಹಂಗೇ ಓದತಾರ. ಓದಾಕ ಬರತದಂತ ಆದರ ಫಾರಮ್ಮಿನ ಮಾತು ಬರಂಗಿಲ್ಲ. ತಾರೀಖು ಮರತೆ, ತಪ್ಪಾತು ಅಂತ ಕಾಲು ಹಿಡಿ."

ಶನಿವಾರ, ಐತವಾರ ಅಕಿ ಮನ್ಯಾಗ ಕೂತು ಮಾಡಿದ ತಾಲೀಮು ಅದೇ. ಹಳೇ ಕ್ಯಾಲೆಂಡರ್ ಹಾಳಿ ಕೈಯಾಗ ಕೊಟ್ಟು "ಓದು" ಅನ್ನಾಕಿ ನಾ. "ಸೂಚನೆ. ಮೈಸೂರಿನಲ್ಲಿ ನಡೆಯುವ..." ಅಂತ ಅಕಿ. ದೊಡ್ಡಾಟದ ತಾಲೀಮಿನ ನೋಟಿಸು ಎಷ್ಟೋ ಸಲ ಓದೇನಿ, ಇಂಥಾ ತಾಲೀಮು ಮಾಡಿಸತೇನಿ ಅಂತ ಕನಸು ಕಂಡಿರಲಿಲ್ಲ. ಅಕಿ ಒಂದು ತುತ್ತು ಉಣ್ಣಲಿಲ್ಲ. ಎದ್ದು ನೀರು ಕುಡಿಯಾಕಿ, ಮತ್ತ ಬಂದು ಕೂಡಾಕಿ. "ಅಕ್ಕಾ, ನೀ ಇಲ್ಲದಿದ್ದರ ನಾ ಯಾವತ್ತೋ ಹೊಳಿ ಪಾಲು" ಅಂದಳು ಒಮ್ಮೆ. ನನಗ ಕೂತ ನೆಲ ಚುಚ್ಚಿತು. ಆಗಲೂ ಹೇಳಲಿಲ್ಲ.

ಸೋಮವಾರ ಹನ್ನೊಂದಕ್ಕ ನಾ ಆಫೀಸಿನ ಬಾಗಲ ಹೊರಗ ಚಹಾದ ಕೆಟಲಿ ಹಿಡದು ನಿಂತೆ, ಚಹಾ ಕೊಡಾಕ ಬಂದವರಂಗ. ಬಾಗಲ ಅರ್ಧ ತೆರೆದಿತ್ತು. ಪ್ರವೀಣಕುಮಾರ ಸಾಹೇಬರು ಮೇಜಿನ ಆಚಿ. ಒಂದು ಕಡಿ ಉಮೆಸಲ್ಮಾ ತಲಿ ತಗ್ಗಿಸಿ ಕುರ್ಚಿ ಮ್ಯಾಲ. ಹಣಮಂತಮ್ಮ ನಿಂತಿದ್ದಳು. ಮದುವಿ ದಿನದ ಹಸಿರು ಸೀರಿ ಉಟ್ಟಿದ್ದಳು. ಯಾಕ ಅದನ್ನ ಉಟ್ಟಳೋ.

"ಸೂಚನೆ ಯಾಕೆ ಮೊದಲೇ ತೆಗೆದಿರಿ?"

"ದಿನ ತಪ್ಪಿತ್ರಿ ಸಾಹೇಬ್ರ. ತಪ್ಪಾತ್ರಿ."

"ತಾರೀಖು ಅದರ ಮೇಲೇ ಇತ್ತಲ್ಲ? ಏಳನೇ ತರಗತಿ ಓದಿದೀರಿ ಅಂತ ಇಲ್ಲಿದೆ."

ಫಾರಮ್ಮು ಮೇಜಿನ ಮ್ಯಾಲ ಇತ್ತು. ಅಕಿ ಗೀಚಿದ ಸಹಿ ನನಗ ಬಾಗಲದಿಂದಲೇ ಕಾಣತಿತ್ತು, ಆ ಸೊಟ್ಟ ಹಕಾರ.

"ಓದೋಕೆ ಬರುತ್ತಲ್ಲ?"

"ಬರ್ತೈತ್ರಿ."

ಸಾಹೇಬರು ಫೈಲಿನ ಮ್ಯಾಲಿಂದ ಒಂದು ಹಾಳಿ ತೆಗೆದು ಮುಂದ ಚಾಚಿದರು. ಬಿಳಿ ಹಾಳಿ. ಮ್ಯಾಲ ದುಂಡನ್ನ ಮುದ್ರಿ. "ಈ ಸೂಚನೆ ಓದಿ."

ಹಣಮಂತಮ್ಮ ಎರಡೂ ಕೈಲೆ ತಗೊಂಡಳು. ಕೆಮ್ಮಿದಳು. ನಾ ಹೇಳಿಕೊಟ್ಟಂಗ ಕಣ್ಣು ಎಡದಿಂದ ಬಲಕ್ಕ ಆಡಿಸಿದಳು.

"ಸೂಚನೆ. ಮೈಸೂರಿನಲ್ಲಿ... ನಡೆಯುವ... ಹದಿನೈದು ದಿನಗಳ ಚಿತ್ರಕಲಾ ಶಿಬಿರಕ್ಕೆ..."

ಉಮೆಸಲ್ಮಾ ತಲಿ ಎತ್ತಿದಳು. ಅಕಿ ಕೂತ ಕುರ್ಚಿಯಿಂದ ಹಾಳಿಯೊಳಗಿನ ಅಕ್ಷರ ಕಾಣತಿದ್ದವು. ಸಾಹೇಬರ ಮುಖ ನೋಡಿದಳು, ಹಣಮಂತಮ್ಮನ ಮುಖ ನೋಡಿದಳು, ಮತ್ತ ಕಣ್ಣು ನೆಲಕ್ಕ ಹಾಕಿದಳು. ಸಾಹೇಬರು ನಡುವ ತಡೀಲಿಲ್ಲ. ಹಣಮಂತಮ್ಮ 'ಹಾಜರಿರತಕ್ಕದ್ದು' ತನಕ ಹೇಳಿ ಮುಗಿಸಿದಳು. ಮುಗಿಸಿ, ಪಾಸಾದ ಹುಡುಗಿ ಹಂಗ ಸಣ್ಣಗ ಉಸಿರು ಬಿಟ್ಟಳು. ಆ ಉಸಿರು ನನಗ ಇವತ್ತಿಗೂ ಕೇಳತದ.

"ಅಮ್ಮಾ," ಅಂದರು ಸಾಹೇಬರು, ಮೆತ್ತಗ. "ಇದು ಬರುವ ತಿಂಗಳು ಶಾಸನಗಳ ಬಗ್ಗೆ ಇರುವ ಉಪನ್ಯಾಸದ ಸೂಚನೆ."

ಹಣಮಂತಮ್ಮ ಹಾಳಿ ಹಿಡದೇ ನಿಂತಿದ್ದಳು. ಅಕಿ ಕಾಲ ಕೆಳಗಿನ ಮಣ್ಣು ಹೊಳಿ ತಗೊಂಡು ಹೋಗಾಕತ್ತಿದ್ದು ನನಗ ಕಂಡಿತು. ನಾ ಒಳಗ ಹೋದೆ. ಯಾರೂ ಕರೀಲಿಲ್ಲ. ಕೆಟಲಿ ಸಾಹೇಬರ ಫೈಲಿನ ಬಾಜೂಕ ಇಟ್ಟೆ.

"ಅಕಿಗೆ ಓದಾಕ ಬರಂಗಿಲ್ರಿ. ಹನ್ನೊಂದು ವರ್ಷ ನಾನ ಓದಿ ಹೇಳೇನಿ. ಸಹಿ ಕಲಿಸಿದಾಕಿ ನಾನ. ಇದನ್ನ ಹೇಳು ಅಂತ ಹೇಳಿಕೊಟ್ಟಾಕಿನೂ ನಾನ. ಆದರ ಬೇಕಂತ ತೆಗೆದಿಲ್ರಿ. ಅಕಿ ದಿನ ಎಣಿಸೋದು ದಾರದ ಗಂಟಿಲೆ. ಅದರಾಗ ಒಂದು ಗಂಟು..." ಕೆಟಲಿ ಹಿಡಿಕಿ ಹಿಡಕೊಂಡೆ. "ಒಂದು ಗಂಟು ಅಕಿ ಊರಾಗಿಲ್ಲದಾಗ ನಾ ಬಿಚ್ಚಿದ್ದೆ."

"ಗಂಟು ಅಂದ್ರ?" ಅಂದಳು ಉಮೆಸಲ್ಮಾ.

ಹಣಮಂತಮ್ಮ ಸೊಂಟದಿಂದ ಒಂದು ದಾರ ತೆಗೆದು ಮೇಜಿನ ಮ್ಯಾಲ ಇಟ್ಟಳು. ಆ ನೋಟಿಸಿನದೇ ದಾರ. ಒಂದೂ ಗಂಟಿರಲಿಲ್ಲ, ಆದರ ಗಂಟಿದ್ದ ಕಡಿ ಒಂಬತ್ತು ಸುಕ್ಕು ಉಳಿದಿದ್ದವು. ಹುಡುಗಿ ಬೆರಳಿಟ್ಟು ಒಂದೊಂದೇ ಸುಕ್ಕು ಎಣಿಸಿದಳು. ಹಣಮಂತಮ್ಮ ಅದನ್ನ ನೋಡಲಿಲ್ಲ, ಸಾಹೇಬರನ್ನೂ ನೋಡಲಿಲ್ಲ. ನನ್ನನ್ನೇ ನೋಡತಿದ್ದಳು.

"ಅಮಾಸಿ ದಿನ ಬಿಚ್ಚಿದ್ಯಾ ಅಕ್ಕಾ?"

ನಾ ಹೌದಂತ ಗೋಣು ಹಾಕಿದೆ.

ಆಗ ಅಕಿ ಮುಖದಾಗ ಕಂಡ ಅಂಜಿಕಿ ಸಾಹೇಬರದ್ದಲ್ಲ, ಠಾಣೆದ್ದೂ ಅಲ್ಲ. ಒಂಬತ್ತು ವರ್ಷದ ಹುಡುಗಿ ಖಾಲಿ ಹರಗೋಲು ನೋಡಿದ ಅಂಜಿಕಿ.

ಸಾಹೇಬರು ಬಹಳ ಹೊತ್ತು ಬರಕೊಂಡರು. ಆಯ್ಕಿ ರದ್ದು ಮಾಡಿ ಇನ್ನೊಮ್ಮೆ ನಡೆಸತೀವಿ ಅಂದರು. ಉಮೆಸಲ್ಮಾ ನನ್ನ ಅರ್ಜಿ ತಿರುಗಿ ಕೊಡ್ರಿ ಅಂದಳು. "ಅರ್ಜಿ ಒಮ್ಮೆ ದಾಖಲಾದರೆ ದಾಖಲಾದಂಗೆ" ಅಂದರು ಅವರು. "ವರದಿ ಮೇಲಿನವರಿಗೆ ಹೋಗುತ್ತೆ. ಆದೇಶ ಬರೋವರೆಗೂ ಕೆಲಸ ಮಾಡಿ ಅಮ್ಮಾ. ಇದರಲ್ಲಿ ನನ್ನ ಕೈಯಲ್ಲೇನೂ ಇಲ್ಲ." ಚಹಾ ಯಾರೂ ಕುಡೀಲಿಲ್ಲ.

ಅವತ್ತಿನಿಂದ ಹಣಮಂತಮ್ಮ ನನ್ನ ಅಂಗಡಿಗೆ ಬರೋದು ಬಿಟ್ಟಳು. ಒಂಬತ್ತು ಗಂಟೆ ಆತಂದರ ನಾ ಗೇಟಿನ ಕಡಿ ನೋಡತಿದ್ದೆ. ಅಕಿ ಕಾಗದ ಹಿಡದು ಸೀದಾ ಹಲಗಿ ಕಡಿ ಹೋಗಾಕಿ. ಅಲ್ಲಿ ಉಮೆಸಲ್ಮಾ ನಿಂತು ಎಲ್ಲಾರಿಗೂ ಕೇಳೋಹಂಗ ಜೋರಿಲೆ ಓದಿ ಹೇಳಾಕಿ. ಮುಚ್ಚಿಡೋದು ಇನ್ನೇನೂ ಉಳಿದಿರಲಿಲ್ಲ. ಹೊಸ ಆಯ್ಕಿ ಆತು. ಈ ಸಲ ಏಳು ಮಂದಿ ಚಿತ್ರ ತಂದಿದ್ದರು. ಜ್ವಾಳ ಹಸನ ಮಾಡೋ ದಾದಿಮಾನೇ ಗೆದ್ದಳು.

ಆದರ ಆದೇಶ ಬರೋದಿತ್ತು. ದಿನಾ ಬೆಳಿಗ್ಗೆ ಅಕಿ ಆಫೀಸಿನಿಂದ ಕಾಗದದ ಕಟ್ಟು ಹಿಡದು ಬರೋವಾಗ ಮುಖ ಸುಣ್ಣ ಬಳದಂಗ ಇರತಿತ್ತು. ಅದರಾಗ ತನ್ನದು ಯಾವುದೋ ಅಂತ ಅಕಿಗೆ ಗೊತ್ತಾಗೋ ದಾರಿ ಇರಲಿಲ್ಲ. ತನ್ನ ಹಣೆಬರಹ ತಾನೇ ತಂದು, ತಾನೇ ಸೂಜಿ ಚುಚ್ಚಿ ಹಚ್ಚಬೇಕಿತ್ತು. ಮೊದಲಿನಂಗ ಹುಡುಗರು "ಹಣಮಂತಮ್ಮಾ, ಇವತ್ತೇನೈತಿ?" ಅಂದರ "ಹಲಗಿ ನೋಡ್ರಿ" ಅನ್ನಾಕಿ, ಅಷ್ಟೇ.

ಹದಿನೆಂಟು ದಿನ ಆದ ಮ್ಯಾಲ ಒಂದು ಮುಂಜಾನಿ ಅಕಿ ನನ್ನ ಅಂಗಡಿ ಮುಂದ ಬಂದು ನಿಂತಳು. ಕೂಡಲಿಲ್ಲ. ಒಂದು ಬಿಳಿ ಹಾಳಿ ಚಾಚಿದಳು.

"ಆ ಹುಡುಗಿ ಇದನ್ನ ಓದವಲ್ದು. ನೋಡಿದಳು, ತಿರುಗಿ ಕೈಯಾಗ ಕೊಟ್ಟಳು. ಗೊಲ್ಲಾಳಜ್ಜಿ ಕಡಿ ಒಯ್ಯಿ ಅಂದಳು."

ನನಗ ಚಷ್ಮಾ ಹಾಕ್ಕೊಳ್ಳಾಕ ಎರಡು ಸಲ ಬೇಕಾತು. ಮೊದಲು ಮನಸಿನ್ಯಾಗ ಓದಿದೆ. ಹನ್ನೊಂದು ವರ್ಷದಾಗ ಮೊದಲನೇ ಸಲ ಅಕಿಗಿಂತ ಮೊದಲು ನಾನೊಬ್ಬಾಕೇ ಓದಿದೆ.

"ಗಟ್ಟಿ ಓದು" ಅಂದಳು.

ಓದಿದೆ. ಹಣಮಂತಮ್ಮ ಅವರನ್ನು ಸೂಚನಾಫಲಕದ ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಸುಳ್ಳು ವಿದ್ಯಾರ್ಹತೆಯ ಬಗ್ಗೆ ಮುಂದಿನ ಕ್ರಮ ಕೈಗೊಳ್ಳಲಾಗುವುದು. ಮುಂದಿನ ಆದೇಶದವರೆಗೆ ಅವರು ವಿದ್ಯಾರ್ಥಿನಿಲಯದ ಸ್ವಚ್ಛತಾ ಕೆಲಸದಲ್ಲಿ ಇರತಕ್ಕದ್ದು. ಈ ಆದೇಶವನ್ನು ಸೂಚನಾಫಲಕದಲ್ಲಿ ಪ್ರಕಟಿಸತಕ್ಕದ್ದು.

"ಇನ್ನೊಮ್ಮೆ."

ಇನ್ನೊಮ್ಮೆ ಓದಿದೆ. ತುಟಿ ಆಡಿಸಿಕೋತ ಬಾಯಿಪಾಠ ಮಾಡಿಕೊಂಡಳು, ಉಳಿದ ಎಲ್ಲಾ ನೋಟಿಸಿನಂಗ. ಆಮ್ಯಾಲ ಕೂತಳು, ಗೇಟಿಗೆ ಬೆನ್ನು ಮಾಡಿ, ತನ್ನ ಹಳೇ ಜಾಗಾಕ್ಕ. ನಾ ಚಹಾ ಕೊಟ್ಟೆ. ತಗೊಂಡಳು. ಕುಡಿದಳು. ಸೊಂಟದಿಂದ ಹೊಸಾ ದಾರದ ತುಂಡು ತೆಗೆದು ತೊಡಿ ಮ್ಯಾಲ ಹಾಕಿ ನೆಟ್ಟಗ ಮಾಡಿದಳು.

"ಮುಂದಿನ ಆದೇಶ ಅಂದರ ಎಷ್ಟು ದಿನಕ್ಕ ಬರ್ತೈತಕ್ಕಾ?"

"ಹಾಳ್ಯಾಗ ಬರೆದಿಲ್ಲ."

"ಕ್ಯಾಲೆಂಡರ್ ನೋಡು."

"ಅದರಾಗೂ ಇರಂಗಿಲ್ಲ ಹಣಮಂತಿ."

ಅಕಿ ಸವೆದ ಎರಡು ಬೆರಳಾಗ ದಾರದ ತುದಿ ಹಿಡದು ನನ್ನ ಮುಖ ನೋಡಿದಳು.

"ಹಂಗಾರ ಇದಕ್ಕ ಎಷ್ಟು ಗಂಟು ಹಾಕ್ಲಿ?"

ಒಂಬತ್ತೂವರಿ ಗಂಟೆ ಹೊಡೀತು. ಅಕಿ ಎದ್ದು ಒಳಗ ಹೋದಳು. ನಾ ಒಲಿ ಬಿಟ್ಟು ಗೇಟಿನ ತನಕ ಹೋಗಿ ನೋಡಿದೆ. ಹಲಗಿ ನಟ್ಟನಡುವ ಆ ಹಾಳಿ ಹಚ್ಚಿದಳು, ನಾಲ್ಕೂ ಮೂಲಿಗೆ ಸೂಜಿ, ಸೊಟ್ಟ ಆಗಬಾರದಂತ ಹಿಂದ ಸರಿದು ನೋಡಿ ಸರಿ ಮಾಡಿದಳು. ಆಮ್ಯಾಲ ಗಂಟಿಲ್ಲದ ದಾರ ಅದರ ಹಿಂದ ಕಟ್ಟಿ, ಕಸಬರಿಗಿ ತಗೊಂಡು ಹಾಸ್ಟೆಲಿನ ಕಡಿ ನಡದಳು.